ಉಕ್ಕಿನ ಒಡಲಲ್ಲಿ ಇಂಗಾಲ

ಮಂಗಳೂರಿನ ಕೊಟ್ಟಾರ ಚೌಕಿಯಿಂದ ಬಡಗಣ ಹೆದ್ದಾರಿ ಹಿಡಿದರೆ ಸುರತ್ಕಲ್ಲಿನ ತಂತ್ರವಿದ್ಯಾ ಸಂಸ್ಥೆ ಸಿಗುತ್ತದೆ. 1960ರಲ್ಲಿ ಕಾಲೇಜಾಗಿ ತೊಡಗಿದ ಅಲ್ಲಿ ಲೋಹವಿದ್ಯೆಯೂ ಒಂದು ಪಾಠ. ಇಂದು ಲೋಹವಿದ್ಯಾವಂತರು ವಸ್ತುವೊಂದನ್ನು ಮಾಡುವ ಮುನ್ನವೇ ಅದರ ಗುಣವನ್ನು ಗಣಕಯಂತ್ರದಲ್ಲಿ ಎಣಿಸಿ ನೋಡುವುದುಂಟು. ಈ ಎಣಿಕೆಯ ಬೆಲೆಯನ್ನು ತಿಳಿಯಲು ನಮ್ಮ ‘ಉಕ್ಕು’ ಶಬ್ದದ ಚರಿತ್ರೆಯನ್ನೇ ನೋಡಬೇಕು.

ಇಂಗ್ಲಿಷಿನ ‘ವುಟ್ಜ್’ ಎಂಬುದು ಈ ಉಕ್ಕೇ ಎಂದು ಅನೇಕ ವಿದ್ವಾಂಸರ ಮತ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದನ್ನು ಮಾಡುವ ಬಗೆಯನ್ನು ಬರೆದಿಟ್ಟಿದ್ದಾನೆ: ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿ, ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಇದ್ದಲ ಬೆಂಕಿಯಲ್ಲಿ ಕಾಯಿಸುವುದು. ಕಡ್ಡಿಯ ಇಂಗಾಲ ಕಬ್ಬಿಣವನ್ನು ಸೇರಿ ಉಕ್ಕಾಗುತ್ತಿತ್ತು. ಪಶ್ಚಿಮ ಏಷ್ಯದ ಹೆಸರಾಂತ ಡಮಾಸ್ಕಸ್ ಕತ್ತಿಗಳಿಗೆ ಇಂಥ ಉಕ್ಕೇ ಮೂಲ. ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಇದರ ಮರ್ಮವನ್ನು ಅರಸಿ, ಅಲ್ಯುಮಿನಿಯಂ ಕಾರಣವಿರಬೇಕೆಂದು ಊಹಿಸಿದನು. ಆ ಊಹೆ ನಿಲ್ಲಲಿಲ್ಲ.

1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇಂಗಾಲದ ನ್ಯಾನೋ ಕೊಳವೆಗಳನ್ನು ವರ್ಣಿಸಿದನು. ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಈ ಕೊಳವೆಗಳ ದಪ್ಪ ಅಂಥ ಕೆಲವೇ ಅಳತೆಗಳಷ್ಟು. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಪೀಟರ್ ಪೌಫ್ಲರ್ ಮತ್ತು ಸಂಗಡಿಗರು 17ನೆಯ ಶತಮಾನದ ಡಮಾಸ್ಕಸ್ ಕತ್ತಿಯೊಂದರಲ್ಲಿ ಇಂಥವನ್ನೇ ಕಂಡುದಾಗಿ ಪ್ರಕಟಿಸಿದರು. ಕತ್ತಿಯ ಹರಿತಕ್ಕೆ ಅವೇ ಕಾರಣವೆಂದು ಇಷ್ಟರಿಂದಲೇ ಸಾಧಿಸಿದಂತಾಗದು.

ಮಣ್ಣಿಗೆ ಹುಲ್ಲು ಬೆರೆಸಿದರೆ ಗೋಡೆ ಬಿರಿಯದು. ಹಾಗೆಯೇ ಇಂದು ರಾಳಕ್ಕೆ ಈ ಕೊಳವೆಗಳನ್ನು ಬೆರೆಸುತ್ತಾರೆ. ರಾಳದ ಬಿಗಿತವನ್ನು 1 ಎಂದಿಟ್ಟುಕೊಂಡರೆ ಕೊಳವೆಯದು ಸುಮಾರು 300. ನೂರರಲ್ಲೊಂದು ಪಾಲು ಬೆರೆಸಿದರೆ, ಸರಳ ಲೆಕ್ಕದಲ್ಲಿ, ಮಿಶ್ರಣದ ಬಿಗಿತ ಸುಮಾರು 4 ಆಗಬೇಕು. ಆದರೆ ಕೊಳವೆಗಳು ಡೊಂಕಾಗುತ್ತವೆ, ಗಂಟುಕಟ್ಟುತ್ತವೆ, ರಾಳಕ್ಕೆ ಸರಿಯಾಗಿ ಅಂಟುವುದಿಲ್ಲ, ಫಲ ಕುಗ್ಗುತ್ತದೆ. ಗಣಕವು ಮಿಶ್ರಣವನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿ, ಒಂದೊಂದರ ಮೇಲೂ ಬೀಳುವ ಭಾರವನ್ನು ಎಣಿಸಿ, ಎಲ್ಲಿ ಕುಗ್ಗಿತೆಂಬುದನ್ನು ತೋರಿಸುತ್ತದೆ.

ನಮ್ಮ ಕುಲುಮೆಯವರಿಗೆ ಈ ಗಣಿತವಿರಲಿಲ್ಲ. ಕಣ್ಣಳತೆ, ಕೈಹದ ಇದ್ದವು. ಅದು ಕೀಳು ವಿದ್ಯೆಯಲ್ಲ. ಆದರೆ ಹೊರನಾಡಿನ ಅಗ್ಗದ ಉಕ್ಕು ಬಂದು ಕುಲುಮೆಗಳು ಆರಿದಾಗ, ಕೈಯೊಡನೆ ಹದವೂ ಹೋಯಿತು. ಕಾರಣವನ್ನು ಬರೆದಿಟ್ಟ ವಿದ್ಯೆಯನ್ನು ಮುಂದಿನವರು ಮತ್ತೆ ಹೊತ್ತಿಸಿಕೊಳ್ಳಬಹುದು. ನಿಮ್ಮೂರಿನಲ್ಲಿ ಹಳೆಯ ಕಸುಬಿನವರೊಬ್ಬರು ಉಳಿದಿದ್ದರೆ, ಅವರ ಮಾತನ್ನು ಇಂದೇ ಬರೆದಿಟ್ಟುಕೊಳ್ಳಿ.