ಗೇರುಗುಡ್ಡೆಯ ರಾಣಿ

ಮಾರ್ಚ್ ತಿಂಗಳಲ್ಲಿ ಮಂಗಳೂರಿನ ಸುತ್ತಲಿನ ಗುಡ್ಡೆಗಳಲ್ಲಿ ಗೇರುಬೀಜ ಹೆಕ್ಕುವವರ ಒಂದು ಕಣ್ಣು ನೆಲದ ಮೇಲಿದ್ದರೆ ಇನ್ನೊಂದು ಕೊಂಬೆಯ ಮೇಲಿರುತ್ತದೆ. ಹಸಿರೆಲೆಗಳನ್ನು ಬಿಳಿ ನೂಲಿನಲ್ಲಿ ಹೊಲಿದಂತಿರುವ ಆ ಉಂಡೆಗೆ ತಲೆ ತಾಗಿದರೆ ಮುಗಿಯಿತು, ಕೆಂಪಿರುವೆಗಳು ಕುತ್ತಿಗೆಯೊಳಗೆ ಇಳಿದಿರುತ್ತವೆ. ಅವು ಕಚ್ಚಿ ಸುಮ್ಮನಾಗುವುದೂ ಇಲ್ಲ. ಹಿಂಭಾಗ ಬಗ್ಗಿಸಿ ಕಚ್ಚಿದ ಜಾಗಕ್ಕೇ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತವೆ. ಸೂಟೆ ಹಚ್ಚಿ ಗೂಡು ಸುಡುವವರ ಸಿಟ್ಟು ಅರ್ಥವಾಗದ್ದೇನಲ್ಲ. ಘಟ್ಟದ ಮೇಲೆ ಇದೇ ಇರುವೆ ಚಗಳಿ. ಉಪ್ಪು, ಮೆಣಸು ಸೇರಿಸಿ ಅರೆದರೆ ಹುಳಿಹುಳಿಯಾದ ಚಟ್ನಿ. ಸುಟ್ಟವರಾಗಲಿ ತಿಂದವರಾಗಲಿ ಗೂಡಿನ ರಾಣಿಯನ್ನು ಹುಡುಕಲು ಹೋದವರಲ್ಲ.

ಗೇರುಮರ ಈ ಕರಾವಳಿಯದಲ್ಲ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. 1920ರ ದಶಕದಲ್ಲಿ ಮಂಗಳೂರಿನಲ್ಲಿ ಬೀಜ ಸಂಸ್ಕರಣೆ ಕಾರ್ಖಾನೆಗೆ ಬಂದ ಮೇಲೆ ಬೇಲಿಬದಿಯ ಮರಕ್ಕೆ ಬೆಲೆ ಬಂತು. 1978ರಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಹುಟ್ಟಿದಾಗ ಅದರ ಕೇಂದ್ರ ಕಚೇರಿಯೂ ಮಂಗಳೂರಿಗೇ ಬಂತು. ಗುಡ್ಡೆಗಟ್ಟಲೆ ಒಂದೇ ಮರ ನೆಟ್ಟರೆ ಅದನ್ನು ತಿನ್ನುವ ಹುಳಕ್ಕೂ ಹಬ್ಬ. ಇಲ್ಲಿ ಆ ಹುಳ ಟೀ ಸೊಳ್ಳೆ. ಹೆಸರು ಸೊಳ್ಳೆ, ಜಾತಿಯಲ್ಲಿ ತಿಗಣೆಯ ನೆಂಟ. ಎಳೆ ಚಿಗುರು, ಹೂಗೊಂಚಲುಗಳ ರಸ ಹೀರಿ ಒಣಗಿಸಿಬಿಡುತ್ತದೆ.

ಅದನ್ನು ಕೊಲ್ಲಲು ಹೆಲಿಕಾಪ್ಟರ್ ಬಂತು. ಗಡಿಯಾಚೆ ಕಾಸರಗೋಡಿನ ಸರಕಾರಿ ತೋಟಗಳಲ್ಲಿ, ಈಚೆ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ 2000ದ ವರೆಗೂ ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ಆಮೇಲಿನದು ದಕ್ಷಿಣ ಕನ್ನಡದ ಓದುಗರಿಗೆ ಹೊಸದಾಗಿ ಹೇಳಬೇಕಾದ ಕತೆಯಲ್ಲ. ಸುಪ್ರೀಂ ಕೋರ್ಟು ದೇಶದಾದ್ಯಂತ ಆ ವಿಷವನ್ನು ತಡೆದದ್ದು 2011ರ ಮೇ 13ರಂದು. ಆ ಕತೆಯ ಮೂಲೆಯಲ್ಲಿ ಬಿದ್ದಿರುವ ಒಂದು ಸಣ್ಣ ಸಂಗತಿ ಮಾತ್ರ ಇಲ್ಲಿ ಬೇಕು: ಟೀ ಸೊಳ್ಳೆಯನ್ನು ಹಿಡಿದು ತಿನ್ನುವ ಕಾವಲುಗಾರ ಅದೇ ಮರದಲ್ಲಿದ್ದ, ಅದೇ ಕೆಂಪಿರುವೆ. ಎಂಡೋಸಲ್ಫಾನ್ ಕಳ್ಳ ಯಾರು, ಕಾವಲುಗಾರ ಯಾರು ಎಂದು ಕೇಳುವ ವಿಷವಲ್ಲ.

ಆಸ್ಟ್ರೇಲಿಯದ ಉತ್ತರ ಭಾಗದ ಗೇರುತೋಟಗಳಲ್ಲಿ ರೆನ್‌ಕಾಂಗ್ ಪೆಂಗ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದರು. ಇದೇ ಇರುವೆ ಇದ್ದ ಮರಗಳಲ್ಲಿ, ಟೀ ಸೊಳ್ಳೆಯ ಅಲ್ಲಿನ ದಾಯಾದಿಯೂ ಸೇರಿ, ಕೀಟದ ಹಾವಳಿ ಕಡಿಮೆ ಇತ್ತು. ಹಾಗೆ ನೋಡಿದರೆ ಇದು ಹೊಸ ಮಾತೂ ಅಲ್ಲ. ಕ್ರಿ.ಶ. 304ರದ್ದೆಂದು ಹೇಳಲಾಗುವ ಚೀನೀ ಸಸ್ಯಗ್ರಂಥವೊಂದರಲ್ಲಿ ಕಿತ್ತಳೆ ಬೆಳೆಗಾರರಿಗೆ ಕೆಂಪಿರುವೆಯ ಗೂಡನ್ನು ಚೀಲದಲ್ಲಿ ಹಾಕಿ ಸಂತೆಯಲ್ಲಿ ಮಾರುತ್ತಿದ್ದ ಸಂಗತಿ ಬರುತ್ತದೆ. ಮೆಕಾಂಗ್ ನದೀಮುಖದ ವಿಯೆಟ್ನಾಂ ರೈತರು ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಇರುವೆಗಳಿಗೆ ಕೋಳಿಯ ಕರುಳನ್ನೂ ಮರಕ್ಕೆ ಕಟ್ಟುತ್ತಾರೆ.

ಆದರೆ ಚೀಲದ ವ್ಯಾಪಾರದಲ್ಲಿ ಒಂದು ಮೋಸವಿದೆ. ಒಂದು ಕೆಂಪಿರುವೆ ಸಂಸಾರ ಹತ್ತಾರು ಮರಗಳಿಗೆ ಹಬ್ಬಿರುತ್ತದೆ. ಗೂಡುಗಳು ನೂರು ದಾಟಬಹುದು, ಇರುವೆಗಳು ಲಕ್ಷಗಟ್ಟಲೆ. ಸಾಮಾನ್ಯವಾಗಿ ಇಷ್ಟಕ್ಕೂ ರಾಣಿ ಒಬ್ಬಳೇ, ಎಲ್ಲೋ ಎತ್ತರದ ಒಂದು ಗೂಡಿನೊಳಗೆ. ಅವಳಿಲ್ಲದ ಗೂಡು ಕಿತ್ತು ತಂದರೆ ಕೆಲವು ತಿಂಗಳು ಕಾವಲು ನಡೆದೀತು. ಕೆಲಸಗಾರ ಇರುವೆ ತತ್ತಿ ಇಟ್ಟರೂ ಹುಟ್ಟುವುದು ಗಂಡುಗಳು ಮಾತ್ರ, ಅವು ದುಡಿಯುವ ಜಾತಿಯಲ್ಲ. ಸಂಸಾರ ಅಲ್ಲಿಗೇ ನಂದುತ್ತದೆ.

ನೂರು ಗೂಡು ಬಿಚ್ಚುವುದಕ್ಕಿಂತ ಹೊಸ ರಾಣಿಯನ್ನೇ ಹಿಡಿದು ಸಾಕುವುದು ಸುಲಭ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಯೋಕಿಮ್ ಓಫೆನ್‌ಬರ್ಗ್ ಮತ್ತು ಜತೆಗಾರರು ಥಾಯ್ಲೆಂಡ್, ಆಸ್ಟ್ರೇಲಿಯ, ಆಫ್ರಿಕಗಳಲ್ಲಿ ಈ ದಾರಿ ಹಿಡಿದರು. ಮಳೆಗಾಲದ ಮೊದಲ ಮಳೆಗಳಿಗೆ ರೆಕ್ಕೆಯ ಹೆಣ್ಣಿರುವೆಗಳು ಹಾರಿ, ಕೂಡಿ, ಇಳಿದು ರೆಕ್ಕೆ ಕಳಚುತ್ತವೆ. ಆಮೇಲೆ ಮಡಚಿದ ಎಲೆಯೊಂದರ ಅಡಿಯಲ್ಲಿ ಅಡಗುತ್ತವೆ. ಹಾಗಾಗಿ ಸುರುಳಿ ಸುತ್ತಿದ ಎಲೆಯನ್ನು ಕೊಂಬೆಗೆ ಕಟ್ಟಿಟ್ಟರೆ ಅದೇ ಬೋನು. 1775ರಲ್ಲಿ ಕೀಟವಿಜ್ಞಾನಿ ಫ್ಯಾಬ್ರಿಷಿಯಸ್ ಈ ಇರುವೆ ಜಾತಿಗೆ ಪಚ್ಚೆಯ ಹೆಸರಿಟ್ಟ. ಕೆಂಪು ಕೆಲಸಗಾರರನ್ನಷ್ಟೇ ಕಂಡವರಿಗೆ ಅದು ತಮಾಷೆ ಎನಿಸೀತು. ಹಸಿರು ಛಾಯೆಯ ದಪ್ಪ ರಾಣಿಯನ್ನು ಕಂಡರೆ ಸರಿಯೆನಿಸುತ್ತದೆ.

ಸಾಕುವುದಕ್ಕೆ ಒಂದು ಗಾಜಿನ ಕೊಳವೆ, ತುದಿಗೆ ಒದ್ದೆ ಹತ್ತಿ, ನೆರಳು ಸಾಕು. ಮೊದಲ ದಿನಗಳಲ್ಲಿ ರಾಣಿಗೆ ಊಟ ಬೇಡ. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳೇ ಕರಗಿ ಮರಿಗಳ ಆಹಾರವಾಗುತ್ತವೆ. ದಿನಕ್ಕೆ ನಾಲ್ಕು ಸಲ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುವ ಉತ್ಸಾಹಿಯೇ ಅವಳಿಗೆ ದೊಡ್ಡ ಶತ್ರು. ಸುಮಾರು ಒಂದು ತಿಂಗಳಿಗೆ ಪುಟಾಣಿ ಕೆಲಸಗಾರರು ಹೊರಬರುತ್ತಾರೆ. ಆಗ ಸಕ್ಕರೆ ನೀರು, ಮೀನಿನ ಚೂರು ಕೊಡಬೇಕು. ಬೇರೆ ಗೂಡಿನ ಕೋಶಾವಸ್ಥೆಯ ಮರಿಗಳನ್ನು ತಂದಿಟ್ಟರೂ ರಾಣಿ ತನ್ನವೆಂದೇ ಒಪ್ಪಿಕೊಳ್ಳುತ್ತಾಳೆ, ಸಂಸಾರ ಬೇಗ ಬೆಳೆಯುತ್ತದೆ. ದೊಡ್ಡ ಇರುವೆಗಳಿಗೆ ಈ ರಿಯಾಯಿತಿ ಇಲ್ಲ. ಎರಡು ಸಂಸಾರಗಳ ಕೆಲಸಗಾರರು ಒಂದೇ ಕೊಂಬೆಯಲ್ಲಿ ಎದುರಾದರೆ ಕಾಲು ಹಿಡಿದು ಎಳೆದಾಡಿ ಸಾಯುತ್ತಾರೆ. ಆದ್ದರಿಂದ ತೋಟಕ್ಕೆ ಬಿಡುವಾಗ ಒಂದೇ ಸಂಸಾರದ ಮರಗಳ ನಡುವೆ ಹಗ್ಗ ಕಟ್ಟಬೇಕು, ಬೇರೆ ಸಂಸಾರದ ಮರಕ್ಕೆ ತಾಗುವ ಕೊಂಬೆ ಕಡಿಯಬೇಕು.

1986ರಲ್ಲಿ ಪುತ್ತೂರಿನಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆಯ ವಿಜ್ಞಾನಿಗಳು ಗೇರುತೋಟದ ಇರುವೆ ಜಾತಿಗಳನ್ನು ಪಟ್ಟಿ ಮಾಡಿದ್ದಾರೆ. ಕೆಂಪಿರುವೆಯ ತಂಟೆಯೂ ಸಣ್ಣದಲ್ಲ. ಸಿಹಿ ಅಂಟಿಗಾಗಿ ಅದು ಹಿಟ್ಟುತಿಗಣೆಯನ್ನು ಹಸುವಿನಂತೆ ಸಾಕುತ್ತದೆ, ಸೊಳ್ಳೆಯನ್ನೂ ಕೆಲಸದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಮಾವಿಗೆ ಹೋಲಿಸಿದರೆ ಗೇರಿನಲ್ಲಿ ಒಂದು ಅನುಕೂಲ: ಹಣ್ಣು ತಾನಾಗಿ ಉದುರುತ್ತದೆ, ಬೀಜಕ್ಕಾಗಿ ಮರ ಹತ್ತಬೇಕಿಲ್ಲ.

ಪತ್ತನಾಜೆ ಕಳೆದು ಮೊದಲ ಮಳೆ ಬಿದ್ದ ರಾತ್ರಿ ಮಂಗಳೂರಿನ ಮನೆಗಳ ಜಗಲಿ ದೀಪಕ್ಕೆ ರೆಕ್ಕೆಯ ಇರುವೆಗಳು ಮುತ್ತುತ್ತವೆ. ನೂರರಲ್ಲಿ ಒಂದೋ ಎರಡೋ ಹಸಿರು ಮೈಯವು ರೆಕ್ಕೆ ಉದುರಿಸಿ ಗೋಡೆಯ ಮೇಲೆ ನಡೆಯುತ್ತಿರುತ್ತವೆ. ದೀಪದ ಹಿಂದೆ ಹಲ್ಲಿ ಕಾದಿರುತ್ತದೆ. ಬೆಳಗ್ಗೆ ಗುಡಿಸುವವರ ಪೊರಕೆಗೆ ರೆಕ್ಕೆಗಳಷ್ಟೇ ಸಿಗುತ್ತವೆ.