ಮಣ್ಣು, ಎತ್ತು ಕೂಡಿ ಮಣ್ಣೆತ್ತು

ಬೆರಳಗಲದ ಕುರ್ಚಿ, ಅಂಗೈಯಷ್ಟು ಮನೆ ಕಟ್ಟುವ ಹವ್ಯಾಸಿಗಳು ಇಂಗ್ಲಿಷಿನಲ್ಲಿ ತಮ್ಮನ್ನು ‘ಮಿನಿಯಾಕ್’ ಎಂದು ಕರೆದುಕೊಳ್ಳುವುದುಂಟು. ಮಿನಿಯೇಚರ್ ಮತ್ತು ಮೇನಿಯಾಕ್ ಎರಡನ್ನೂ ಬೆಸೆದ ಪದವದು. ಪುಟಾಣಿ ವಸ್ತುಗಳ ಹುಚ್ಚಿನವರು ಎಂದರ್ಥ. ಇಂಥ ಬೆಸುಗೆ ಪದಗಳನ್ನು 1871ರಲ್ಲಿ ಲೂಯಿಸ್ ಕ್ಯಾರೊಲ್ ಎರಡು ಪದರಿನ ಪ್ರಯಾಣದ ಪೆಟ್ಟಿಗೆಗೆ ಹೋಲಿಸಿದ. ಆ ಪೆಟ್ಟಿಗೆಯ ಹೆಸರೇ, ‘ಪೋರ್ಟ್‌ಮ್ಯಾಂಟೊ’, ಅವಕ್ಕೆ ಅಂಟಿಕೊಂಡಿತು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಹಬ್ಬಕ್ಕೆ ಮಾಡುವ ಮಣ್ಣಿನ ಪುಟಾಣಿ ಎತ್ತಿಗೆ ಹೆಸರಿಡಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಣ್ಣು, ಎತ್ತು ಸೇರಿದವು, ನಡುವಿನ ಉಕಾರ ಬಿದ್ದುಹೋಯಿತು, ‘ಮಣ್ಣೆತ್ತು’ ಆಯಿತು. ಶಾಲೆಯಲ್ಲಿ ಕಲಿಸುವ ಲೋಪಸಂಧಿ ಇದೇ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಯ ನಿಯಮ ಬರೆದಿಟ್ಟ, ಜನ ಅದನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ತಮಿಳಿನ ಎರುದು, ತೆಲುಗಿನ ಎದ್ದು ನಮ್ಮ ಎತ್ತಿನ ದಾಯಾದಿಗಳು.

ಕಾರಹುಣ್ಣಿಮೆ ಜೀವಂತ ಎತ್ತುಗಳ ಹಬ್ಬ: ಕೋಡಿಗೆ ಬಣ್ಣ, ಮೈಗೆ ಜೂಲ, ಸಂಜೆಗೆ ಕರಿ ಹರಿಯುವ ಓಟ. ಹದಿನೈದು ದಿನ ಕಳೆದು ಜ್ಯೇಷ್ಠದ ಅಮಾವಾಸ್ಯೆ ಬಂದರೆ ಮಣ್ಣಿನ ಎತ್ತುಗಳ ಸರದಿ. ಮುಂಗಾರಿನ ಕಾಲವಾದ್ದರಿಂದ ನೆಲವೂ ನೆನೆದಿರುತ್ತದೆ. ಎರೆಮಣ್ಣನ್ನೋ ಹುತ್ತದ ಮಣ್ಣನ್ನೋ ನಾದಿ, ಹೆಬ್ಬೆರಳಿನಿಂದ ಡುಬ್ಬ ಎಬ್ಬಿಸಿ, ಚಿವುಟಿ ಕೋಡು ತೆಗೆದು, ಎರಡನ್ನು ಪಕ್ಕಪಕ್ಕ ನಿಲ್ಲಿಸುತ್ತಾರೆ. ಮುಂದೊಂದು ಗ್ವಾದಲಿ, ಅಂದರೆ ಮೇವಿನ ತೊಟ್ಟಿ, ಅದೂ ಮಣ್ಣಿನದೇ. ಕೆಲವರು ಮೈಮೇಲೆ ಕುಸುಬಿ, ಜೋಳದ ಕಾಳು ಒತ್ತಿ ಅಲಂಕರಿಸುತ್ತಾರೆ. ಕುಂಬಾರರು ಮನೆಮನೆಗೆ ಜೋಡಿ ಕೊಟ್ಟು ಕಾಳು ಪಡೆಯುವ ವಾಡಿಕೆಯೂ ಇತ್ತು.

ಎಷ್ಟು ಹಳೆಯದು ಈ ಆಟ? ರಾಯಚೂರು ಸೀಮೆಯ ಪಿಕ್ಲಿಹಾಳದಲ್ಲಿ 1952ರಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಅಗೆದಾಗ ನವಶಿಲಾಯುಗದ ದನಗಾಹಿಗಳ ನೆಲೆಯಲ್ಲಿ ಡುಬ್ಬವಿರುವ ಮಣ್ಣಿನ ಗೂಳಿಗಳು ಸಿಕ್ಕವು. ಅವನ್ನು ಇಂದಿನ ಅಮಾವಾಸ್ಯೆಗೆ ನೇರವಾಗಿ ಗಂಟು ಹಾಕಿದರೆ ಅವಸರವಾದೀತು. ಆದರೆ ಕೈ ಅದೇ, ಮಣ್ಣೂ ಹೆಚ್ಚುಕಡಿಮೆ ಅದೇ.

ಇಂಗ್ಲಿಷಿನ ಹವ್ಯಾಸಿ ತನ್ನ ಪುಟಾಣಿಯನ್ನು ಗಾಜಿನ ಕಪಾಟಿನಲ್ಲಿ ಜೋಪಾನ ಮಾಡುತ್ತಾನೆ. ಇಲ್ಲಿ ಪೂಜೆಯ ಮರುದಿನವೇ ಹುಡುಗರು ಒಂದೆತ್ತಿನ ಕಾಲು ಮುರಿದು, ಅದನ್ನು ಹೊತ್ತು ಹಾಡುತ್ತ ಮನೆಮನೆಗೆ ಜೋಳ ಬೇಡಲು ಹೊರಡುತ್ತಾರೆ. ಒಂದು ಕಾಲು ಹೋದರೆ ಹೊಸ ಪದ ಬಂತು: ಕುಂಟ, ಎತ್ತು ಕೂಡಿ ‘ಕುಂಟೆತ್ತು’.

ಕಬ್ಬಿನ ಹೊಲಕ್ಕೆ ಟ್ರ್ಯಾಕ್ಟರ್ ಬಂದು ದನದ ಕೊಟ್ಟಿಗೆ ಖಾಲಿಯಾದ ಮನೆಗಳಲ್ಲೂ ಅಮಾವಾಸ್ಯೆಗೆ ಮಣ್ಣೆತ್ತಿನ ಜೋಡಿ ಮಣೆಯೇರುತ್ತದೆ.