ಸರೋಜಾದೇವಿಯ ರವಿಕೆ, ಎಂ.ಎಸ್. ನೀಲಿ

ದೀಪಾವಳಿಯ ಮುಂಚೆ ನಮ್ಮ ಟಿ. ನಗರದ ಪನಗಲ್ ಪಾರ್ಕಿನ ಬಳಿ ನಡೆದಾಡಲು ಯತ್ನಿಸಿದವರಿಗೆ, ಈ ಕಡೆ ಹಿಂದೆ ದೊಡ್ಡ ಕೆರೆಯೊಂದಿತ್ತೆಂದರೆ ನಂಬಿಕೆ ಬಾರದು. 1920ರ ದಶಕದಲ್ಲಿ ಕೆರೆಯ ನೀರು ಬಸಿದು ಬಡಾವಣೆ ಎದ್ದಿತು. ಜಸ್ಟಿಸ್ ಪಕ್ಷದ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರು ಅದಕ್ಕೆ ಬಂತು. 1928ರಲ್ಲಿ ಕಾಂಚೀಪುರದ ನೇಕಾರರಾದ ನಲ್ಲಿ ಚಿನ್ನಸಾಮಿ ಚೆಟ್ಟಿಯವರು ಇಲ್ಲಿ ಚಿಕ್ಕದೊಂದು ರೇಷ್ಮೆ ಅಂಗಡಿ ತೆರೆದರು. ಮದುವೆ ಜವಳಿಯೆಂದರೆ ಟಿ. ನಗರ ಎಂಬ ರೂಢಿ ಕ್ರಮೇಣ ಬೆಳೆಯಿತು.

ಅಂಗಡಿಯವರು ಮಾರಬಲ್ಲರು, ನಿಜ. ಆದರೆ ಇಂಥದೇ ಬೇಕೆಂಬ ಆಸೆ ಹುಟ್ಟಿಸುವವರು ಬೇರೆ. ಈ ಊರಿನಲ್ಲಿ ಆ ಕೆಲಸ ಮಾಡಿದವರಲ್ಲಿ ನಮ್ಮವರೇ ಒಬ್ಬರು ಮುಂದಿದ್ದರೆಂಬುದನ್ನು ಕನ್ನಡಿಗರಾದ ನಾವು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಸರೋಜಾದೇವಿಯವರು 1955ರ ‘ಮಹಾಕವಿ ಕಾಳಿದಾಸ’ದಿಂದ ಚಿತ್ರರಂಗಕ್ಕೆ ಬಂದರು. 1958ರಲ್ಲಿ ಎಂ.ಜಿ.ಆರ್. ಅವರ ‘ನಾಡೋಡಿ ಮನ್ನನ್’ ತೆರೆಕಂಡ ಮೇಲೆ ತಮಿಳರು ಅವರನ್ನು ತಮ್ಮವರನ್ನಾಗಿಯೇ ಮಾಡಿಕೊಂಡರು. ‘ಕನ್ನಡದ ಗಿಳಿ’ ಎಂಬರ್ಥದ ಬಿರುದನ್ನೂ ಕೊಟ್ಟರು! ಅವರ ತಮಿಳು ಮಾತಿನ ಕೊಂಚ ಬೇರೆಯಾದ ಧಾಟಿಯನ್ನು ದೋಷವೆನ್ನದೆ ಮುದ್ದೆಂದರು. ಅರುವತ್ತರ ದಶಕದಲ್ಲಿ ಅವರು ಉಟ್ಟ ಸೀರೆ, ತೊಟ್ಟ ರವಿಕೆ, ಒಡವೆ, ತುರುಬು ಎಲ್ಲವೂ ಹೆಂಗಳೆಯರಿಗೆ ಮಾದರಿಯಾದವು.

ಎಂ.ಎಸ್. ಸುಬ್ಬುಲಕ್ಷ್ಮಿಯವರದು ಬೇರೆಯೇ ಬಗೆ. ಸಂಗೀತ ಕೇಳಲು ಹೋದವರು ಸೀರೆಯ ಬಣ್ಣವನ್ನೂ ಮನಸ್ಸಿನಲ್ಲಿಟ್ಟುಕೊಂಡು ಬಂದರು. ಅದೇ ‘ಎಂ.ಎಸ್. ನೀಲಿ’. ಬಿ.ಎಸ್ಸಿ.ಯಲ್ಲಿ ನಾವು ಓದಿದ ಬಣ್ಣಗಳ ರಸಾಯನಶಾಸ್ತ್ರದಲ್ಲಿ ಈ ಹೆಸರಿಲ್ಲ. ಅಂಗಡಿಯ ಗಲ್ಲೆಯ ಮುಂದೆ ಹೇಳಿದರೆ ಮಾತ್ರ ಒಡನೆಯೇ ಸೀರೆ ಬಿಚ್ಚಿ ಹರಡುತ್ತಾರೆ. ಆದರೆ ಅದನ್ನು ನೇಯ್ದುಕೊಟ್ಟ ಕಾಂಚೀಪುರದ ಮುತ್ತು ಚೆಟ್ಟಿಯಾರರ ಹೆಸರನ್ನು ಕೊಳ್ಳುವವರಲ್ಲಿ ಎಷ್ಟು ಮಂದಿ ಬಲ್ಲರು? ಅವರ ಹೆಸರಾದರೂ ಉಳಿದಿದೆ. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕುಳಿತ ಉಳಿದವರದು ಅದೂ ಇಲ್ಲ. ಇದು ನಮಗೆ ಸರಿಯೆನಿಸುವುದಿಲ್ಲ.

2025ರ ಜುಲೈ 14ರಂದು ಸರೋಜಾದೇವಿಯವರು ತೀರಿಕೊಂಡರು. ಅಂದು ಸಂಜೆ ನಮ್ಮ ಮನೆಯ ಹಿರಿಯರೊಬ್ಬರು ಟ್ರಂಕಿನ ತಳದಿಂದ ಬಣ್ಣಗೆಟ್ಟ ರವಿಕೆಯೊಂದನ್ನು ತೆಗೆದರು. ಸಿನಿಮಾ ಪೋಸ್ಟರಿನ ಮುಂದೆ ದರ್ಜಿಯನ್ನು ನಿಲ್ಲಿಸಿ, ಇದೇ ತೋಳು, ಇದೇ ಕತ್ತು ಎಂದು ತೋರಿಸಿ ಹೊಲಿಸಿದ್ದಂತೆ. ಚಿತ್ರದ ಹೆಸರು, ಥಿಯೇಟರಿನ ಹೆಸರು, ಕೊಟ್ಟ ಕೂಲಿ ಎಲ್ಲ ಅವರಿಗೆ ನೆನಪಿತ್ತು. ದರ್ಜಿಯ ಹೆಸರು ಕೇಳಿದೆವು. ಬಹಳ ಹೊತ್ತು ಯೋಚಿಸಿದರು, ನೆನಪಾಗಲಿಲ್ಲ.